ರೆಸಿಕ್ ಊರಿನವರು ಕಳುಹಿಸಿದ್ದು

ಆ ಕಂತಿನಲ್ಲಿ ಯುದ್ಧವಿಲ್ಲ. ಶತ್ರುಗಳ ನೌಕೆಯಿಲ್ಲ, ವಿಶ್ವವನ್ನು ಉಳಿಸಿಬಿಡಬೇಕೆಂಬ ಧಾವಂತವಿಲ್ಲ. ಒಂದು ಊರಿಗೆ ಮಳೆ ಬರುವುದು ನಿಂತಿದೆ; ಅಲ್ಲಿನ ಜನ ಮದುವೆಯಾಗುತ್ತಾರೆ, ಮಕ್ಕಳನ್ನು ಹಡೆಯುತ್ತಾರೆ, ಮುದುಕರಾಗುತ್ತಾರೆ, ತೀರಿಕೊಳ್ಳುತ್ತಾರೆ. 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಎಂಬ ಅಮೆರಿಕದ ಟಿ.ವಿ. ಸರಣಿಯ ಐದನೇ ಸೀಸನ್ನಿನ 'ದಿ ಇನ್ನರ್ ಲೈಟ್' ಎಂಬ ಕಂತಿನ ಬಗ್ಗೆ ಹೇಳುತ್ತಿದ್ದೇನೆ. 1992ರ ಜೂನ್ 1ರಂದು ಅಮೆರಿಕದಲ್ಲಿ ಮೊದಲ ಬಾರಿ ಪ್ರಸಾರವಾಯಿತು, ಮರುವರ್ಷ ವಿಜ್ಞಾನ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು. ಜಗತ್ತಿನಾದ್ಯಂತ ಅಭಿಮಾನಿಗಳು ಇದನ್ನು ಕೊಂಡಾಡಿ ಬರೆದದ್ದಕ್ಕೆ ಲೆಕ್ಕವಿಲ್ಲ. ಆದರೂ ನಾನು ಬರೆಯಲು ಕುಳಿತಿದ್ದೇನೆ, ಏಕೆಂದರೆ ಕೊಡಗಿನಲ್ಲಿದ್ದುಕೊಂಡು ನೋಡುವವರಿಗೆ ಈ ಕತೆ ಬೇರೆಯೇ ಜಾಗದಲ್ಲಿ ತಾಗುತ್ತದೆ.

ನೋಡದವರಿಗಾಗಿ ಕತೆಯನ್ನು ಪೂರ್ತಿ ಹೇಳಿಬಿಡುತ್ತೇನೆ. ಮೊದಲೇ ಗೊತ್ತಾಯಿತೆಂದು ಕೆಡುವ ಕತೆಯಲ್ಲ ಇದು.

ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ನೌಕೆಯ ಎದುರು ಎಲ್ಲಿಂದಲೋ ಬಂದ ಒಂದು ಪುಟ್ಟ ಯಂತ್ರ ನಿಲ್ಲುತ್ತದೆ. ಅದರಿಂದ ಹೊರಟ ಕಿರಣ ತಾಗಿ ಕ್ಯಾಪ್ಟನ್ ಪಿಕಾರ್ಡ್ ಕುಸಿದು ಬೀಳುತ್ತಾನೆ. ಕಣ್ಣು ಬಿಟ್ಟಾಗ ಕಟಾನ್ ಎಂಬ ಗ್ರಹದ ರೆಸಿಕ್ ಎಂಬ ಊರಿನಲ್ಲಿ, ಯಾರದೋ ಮನೆಯಲ್ಲಿ ಮಲಗಿದ್ದಾನೆ. ಎಲೀನ್ ಎಂಬ ಹೆಂಗಸು ತಾನು ಅವನ ಹೆಂಡತಿ ಎನ್ನುತ್ತಾಳೆ. ಅವನ ಹೆಸರು ಕಾಮಿನ್ ಅಂತೆ, ಕಬ್ಬಿಣ ನೇಯುವುದು ಕಸುಬಂತೆ, ಜ್ವರ ಬಂದು ಮಲಗಿದ್ದವನು ಈಗ ಎದ್ದಿದ್ದಾನಂತೆ. ನೌಕೆ, ನಕ್ಷತ್ರಗಳ ನಡುವಿನ ಪಯಣ, ಜೊತೆಗಾರರು, ಎಲ್ಲವೂ ಜ್ವರದ ಕನವರಿಕೆ ಎಂದೇ ಊರಿನವರ ನಂಬಿಕೆ.

ಮಾಮೂಲಿ ಕತೆಯಾಗಿದ್ದರೆ ಅವನು ಹತ್ತು ನಿಮಿಷದಲ್ಲಿ ಪಾರಾಗುವ ದಾರಿ ಹುಡುಕುತ್ತಿದ್ದ. ಇಲ್ಲಿ ಐದು ವರ್ಷ ಕಳೆಯುತ್ತದೆ. ಅಷ್ಟಾದರೂ ಅವನು ಎಲೀನಳ ಬದುಕಿಗೆ ಪೂರ್ತಿಯಾಗಿ ಬಂದಿರುವುದಿಲ್ಲ. ದೂರದರ್ಶಕ ಕಟ್ಟಿಕೊಂಡು ಆಕಾಶ ನೋಡುತ್ತಾನೆ, ಸೂರ್ಯನ ದಾರಿಯನ್ನು ಗುರುತು ಮಾಡಿಡುತ್ತಾನೆ, ಕೊಳಲು ಕಲಿಯುತ್ತಾನೆ, ಊರಿನ ನೀರಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾನೆ. ಆದರೆ ಮನಸ್ಸು ನೌಕೆಯಲ್ಲಿದೆ. ಆ ಬದುಕನ್ನು ಇಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದೀಯಲ್ಲ, ಅದು ಇದಕ್ಕಿಂತ ಅಷ್ಟು ಚೆನ್ನಾಗಿತ್ತೇ ಎಂದು ಎಲೀನ್ ಒಂದು ದಿನ ಕೇಳುತ್ತಾಳೆ. ಸಿಟ್ಟಿನಿಂದ ಕೇಳುವುದಿಲ್ಲ. ಕಾದು ಕಾದು ದಣಿದವಳು ಕೇಳುವ ಹಾಗೆ ಕೇಳುತ್ತಾಳೆ. ಮಾರ್ಗೊ ರೋಸ್ ಎಂಬ ನಟಿ ಆ ಒಂದು ಮಾತನ್ನು ಆಡುವ ರೀತಿಗಾಗಿಯೇ ನಾನು ಈ ಕಂತನ್ನು ಮತ್ತೆ ನೋಡಬಲ್ಲೆ. ಕೊನೆಗೆ ಅವನು ಅವಳ ಬಳಿ ಬಂದು, ಇನ್ನೊಂದು ಏನೋ ಕಟ್ಟಬೇಕು, ಒಪ್ಪಿಗೆ ಕೊಡು ಎನ್ನುತ್ತಾನೆ. ದೂರದರ್ಶಕ ಆಯಿತು, ಪ್ರಯೋಗಶಾಲೆ ಆಯಿತು, ಈಗ ಇನ್ನೇನು ಎಂಬಂತೆ ಅವಳು ನೋಡುತ್ತಾಳೆ. ಮಗುವಿಗೊಂದು ಕೋಣೆ ಎನ್ನುತ್ತಾನೆ ಅವನು. ನನ್ನ ಪಾಲಿಗೆ ಪಿಕಾರ್ಡ್ ಕಾಮಿನ್ ಆಗುವುದು ಅಲ್ಲಿ. ಕಿರಣ ತಾಗಿದ್ದರಿಂದ ಆದದ್ದಲ್ಲ, ಅವನು ತಾನಾಗಿ ಒಪ್ಪಿಕೊಂಡು ಆದದ್ದು.

ಅಷ್ಟರಲ್ಲಿ ಅವನ ಗೆಳೆಯ ಬಟಾಯ್ ತೀರಿಕೊಂಡಿರುತ್ತಾನೆ. ಹುಟ್ಟಿದ ಗಂಡುಮಗುವಿಗೆ ಅದೇ ಹೆಸರು ಇಡುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟು ಕರೆಯುವ ಮನೆಗಳಲ್ಲಿ ಬೆಳೆದ ನಮಗೆ ಆ ನಾಮಕರಣದ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಗ ಬೆಳೆದು ದೊಡ್ಡವನಾದಾಗ ಆ ಪಾತ್ರದಲ್ಲಿ ಕಾಣಿಸಿಕೊಳ್ಳುವುದು ಪಿಕಾರ್ಡ್ ಪಾತ್ರಧಾರಿ ಪ್ಯಾಟ್ರಿಕ್ ಸ್ಟೀವರ್ಟ್ ಅವರ ಸ್ವಂತ ಮಗ ಡೇನಿಯಲ್. ಓದು ಬಿಟ್ಟು ಸಂಗೀತವನ್ನೇ ಹಿಡಿಯುತ್ತೇನೆ ಎಂದು ಮಗ ಹೇಳಿದಾಗ ಅಪ್ಪನ ಮುಖದಲ್ಲಿ ಬರುವ ಭಾವವನ್ನು ಗಮನಿಸಿ ನೋಡಿ.

ಇನ್ನು ಆ ಪಾದರಕ್ಷೆಗಳು. ಕಾಮಿನ್ ಮನೆಗೆ ಬಂದವನೇ ಎಲ್ಲೆಂದರಲ್ಲಿ ಅವನ್ನು ಬಿಟ್ಟುಬಿಡುತ್ತಾನೆ, ಎತ್ತಿಡು ಎಂದು ಎಲೀನ್ ಹೇಳುತ್ತಾಳೆ. ವರ್ಷಗಳು ಉರುಳುತ್ತವೆ, ಕೂದಲು ಬೆಳ್ಳಗಾಗುತ್ತದೆ, ಈ ಮಾತು ಮಾತ್ರ ನಿಲ್ಲುವುದಿಲ್ಲ. ಸಾಯುವ ಹೊತ್ತಿನಲ್ಲಿ, ಕೈ ಹಿಡಿದು ಕುಳಿತ ಗಂಡನಿಗೆ ಅವಳು ಹೇಳುವುದೂ ಅದನ್ನೇ: ನೆನಪಿರಲಿ, ಪಾದರಕ್ಷೆ ಎತ್ತಿಡು. ಮಾತು ಕೊಡುತ್ತೇನೆ ಎನ್ನುತ್ತಾನೆ ಅವನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿಯ ತುಂಬ ಕೆಸರು ಮೆತ್ತಿದ ಗಂಬೂಟುಗಳೇ ಇರುವ ನಮ್ಮ ಮನೆಯಲ್ಲಿ ಅಮ್ಮನ ಬಾಯಿಂದ ದಿನಕ್ಕೆ ನಾಲ್ಕು ಸಲ ಹೊರಡುವ ಮಾತು ಇದೇ. ಜಿಗಣೆ ಒಳಗೆ ಬರುತ್ತದೆ, ಗೋಡೆಯ ಬದಿಗೆ ಮಗುಚಿ ಇಡಿ ಎಂದು. ದೊಡ್ಡ ಪ್ರೀತಿಯ ಮಾತುಗಳನ್ನು ಎಲೀನಳ ಬಾಯಲ್ಲಿ ಇಡಬಹುದಿತ್ತು. ಬರೆದವರು ಇಡಲಿಲ್ಲ. ಮಾರ್ಗನ್ ಗೆಂಡೆಲ್ ಮತ್ತು ಪೀಟರ್ ಆಲನ್ ಫೀಲ್ಡ್ಸ್ ಇಬ್ಬರೂ ಸಂಸಾರವನ್ನು ಹತ್ತಿರದಿಂದ ಕಂಡು ಬರೆದಿದ್ದಾರೆ ಎಂದು ನನಗೆ ಅನ್ನಿಸುವುದು ಇಂಥ ಕಡೆ.

ಊರಿನ ನಡುವೆ ಒಂದು ಸಸಿ ಇದೆ. ಬರಗಾಲ ಬಂದು ನೀರಿಗೆ ಪಡಿತರ ಶುರುವಾದ ಮೇಲೂ ಎಲ್ಲರೂ ತಮ್ಮ ಪಾಲಿನ ನೀರಿನಲ್ಲಿ ಒಂದಿಷ್ಟನ್ನು ಅದಕ್ಕೆ ಕೊಡುತ್ತಾರೆ. ಅದು ಹಣ್ಣು ಕೊಡುತ್ತದೆಂದಲ್ಲ, ನೆರಳಿಗೆಂದೂ ಅಲ್ಲ. ಅದು ಬದುಕಿರಬೇಕು, ಅಷ್ಟೇ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಒತ್ತುವರಿಯಾಗಿ ಸವೆದವು ಎಷ್ಟೋ. ಆದರೂ ತನ್ನ ತೋಟದ ಮರಕ್ಕೆ ಹಿಂದೆಮುಂದೆ ನೋಡದೆ ಕೊಡಲಿ ಹಾಕುವವನೂ ದೇವರಕಾಡಿನ ಒಣಕಡ್ಡಿ ಎತ್ತಿಕೊಳ್ಳಲು ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ರೆಸಿಕ್‌ನ ಜನರನ್ನು ನಾನು ನಂಬಿದ್ದು ಆ ಸಸಿಯ ದೆಸೆಯಿಂದ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಕಾಮಿನ್ ಬರೆದಿಡುವ ಲೆಕ್ಕ. ಸೂರ್ಯನನ್ನೂ ಮಣ್ಣನ್ನೂ ಅವನು ವರ್ಷಗಟ್ಟಲೆ ಗಮನಿಸುತ್ತಾನೆ, ಯಾರೂ ಹೇಳದಿದ್ದರೂ. ಈ ಜಾತಿಯ ಮನುಷ್ಯರು ನನಗೆ ಗೊತ್ತು. ನಮ್ಮ ಕಡೆ ಕಾಫಿ ತೋಟವಿರುವ ಹೆಚ್ಚಿನ ಮನೆಗಳಲ್ಲಿ ಒಂದು ಮಳೆ ಪುಸ್ತಕವಿರುತ್ತದೆ. ಅಪ್ಪ ಬೆಳಿಗ್ಗೆ ಎಂಟು ಗಂಟೆಗೆ ಅಂಗಳದ ಮೂಲೆಯ ಮಾಪಕದಿಂದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಓದಿ ಬರೆಯುತ್ತಾರೆ. ಅವರಿಗಿಂತ ಮೊದಲು ಅಜ್ಜ ಬರೆಯುತ್ತಿದ್ದರು. ಮಾರ್ಚ್, ಏಪ್ರಿಲ್ ಬಂತೆಂದರೆ ಸಂತೆಯಲ್ಲಿ ಎದುರಾದವರು ಆರೋಗ್ಯ ವಿಚಾರಿಸುವ ಮೊದಲು ಕೇಳುವುದು ನಿಮ್ಮಲ್ಲಿ ಎಷ್ಟು ಬಂತು ಎಂದು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಅದು ತಡವಾದರೆ ಆ ವರ್ಷದ ಲೆಕ್ಕವೇ ತಪ್ಪುತ್ತದೆ. ಅಜ್ಜನ ಪುಸ್ತಕದಲ್ಲಿ ಅಂಕಿಗಳ ಪಕ್ಕ ಒಂದು ಅಗಲವಾದ ಕಾಲಂ ಇದೆ. 'ಹೊಳೆ ದಾಟಲಾಗಲಿಲ್ಲ.' 'ಕೆಂಪಿ ಹೆಣ್ಣು ಕರು ಹಾಕಿತು.' 'ಗಾಳಿಗೆ ಗೇಟಿನ ಬಳಿಯ ಬಳಂಜಿ ಮರ ಬಿತ್ತು.' ಎರಡು ಇಂಚು ಎಪ್ಪತ್ತು ಸೆಂಟು ಮಳೆಯಾದ ದಿನ ಹೇಗಿತ್ತು ಎಂದು ಆ ಅಂಕಿ ನನಗೆ ಹೇಳುವುದಿಲ್ಲ, ಪಕ್ಕದ ಸಾಲು ಹೇಳುತ್ತದೆ. 2018ರ ಆಗಸ್ಟ್ 16ರ ಎದುರು ಅಪ್ಪನ ಕೈಬರಹದಲ್ಲಿ ಅಂಕಿಯೇ ಇಲ್ಲ. 'ಮಾಪಕ ತುಂಬಿ ಹರಿದಿದೆ' ಎಂದಷ್ಟೇ ಇದೆ.

ಕಟಾನ್ ಸತ್ತದ್ದು ಮಳೆಯಿಲ್ಲದೆ, ಅದರ ಸೂರ್ಯ ಸಿಡಿಯುವ ಹಂತಕ್ಕೆ ಬಂದದ್ದರಿಂದ. ನಮ್ಮ ಬೆಟ್ಟಗಳು ಜಾರಿದ್ದು ಮಳೆ ಹೆಚ್ಚಾಗಿ. ಎರಡನ್ನೂ ಒಂದೇ ಎನ್ನಲು ನಾನು ಹೊರಟಿಲ್ಲ. ಒಂದು ಸೂರ್ಯ ಸಿಡಿಯುವುದಕ್ಕೂ ಮನುಷ್ಯ ಗುಡ್ಡ ಕಡಿದು ರಸ್ತೆ, ಮನೆ, ರೆಸಾರ್ಟ್ ಮಾಡಿದ ಇಳಿಜಾರಿನ ಮೇಲೆ ಮಳೆ ಸುರಿಯುವುದಕ್ಕೂ ಹೋಲಿಕೆಯಿಲ್ಲ. ಕಟಾನಿನವರು ತಮ್ಮ ಸೂರ್ಯನಿಗೆ ಏನೂ ಮಾಡಿರಲಿಲ್ಲ. ಆದರೆ ಪುಸ್ತಕ ಇಟ್ಟವನಿಗೆ ಮೊದಲು ತಿಳಿಯುವುದು, ತಿಳಿದದ್ದನ್ನು ಮಕ್ಕಳಿಗೆ ಹೇಗೆ ಹೇಳಬೇಕೆಂದು ತೋಚದೆ ಒದ್ದಾಡುವುದು, ಇದು ಮಾತ್ರ ಎರಡು ಕಡೆಯೂ ಒಂದೇ.

ಆ ಒದ್ದಾಟವನ್ನು ತೋರಿಸುವ ದೃಶ್ಯವೇ ಇಡೀ ಕಂತಿನ ಹೃದಯ. ಮಗಳು ಮೆರಿಬೋರ್ ಅಪ್ಪನ ಹಾದಿಯಲ್ಲೇ ವಿಜ್ಞಾನದ ಕಡೆಗೆ ಬಂದವಳು. ಮಣ್ಣನ್ನು ಪರೀಕ್ಷಿಸಿ, ಇದು ಸತ್ತುಹೋಗಿದೆ, ಇದು ಬರೀ ಬರಗಾಲವಲ್ಲ ಎಂದು ತಾನೇ ಕಂಡುಕೊಂಡಿದ್ದಾಳೆ. ಅಪ್ಪನಿಗೆ ಅದು ಮೊದಲೇ ಗೊತ್ತು. ಸುಳ್ಳು ಹೇಳಿ ಸಮಾಧಾನ ಮಾಡುವ ಹಾಗಿಲ್ಲ, ಅವಳನ್ನು ಬೆಳೆಸಿದ ರೀತಿಯೇ ಹಾಗಿದೆ. ಆಗ ಅವನು ಹೇಳುವುದು, ಮದುವೆಯನ್ನು ಮುಂದೂಡಬೇಡ, ಈಗಿನ ಹೊತ್ತನ್ನು ಹಿಡಿದುಕೋ, ಇದು ಮತ್ತೆ ಬರುವುದಿಲ್ಲ ಎಂದು. ಬರಿದೇ ಕೇಳಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಓದಬಹುದಾದ ಮಾತು. ಮಗಳ ಮಕ್ಕಳಿಗೆ ನಾಳೆ ಎಂಬುದೇ ಇರುವುದಿಲ್ಲ ಎಂದು ತಿಳಿದ ಅಪ್ಪ, ಅದನ್ನು ತಿಳಿದ ಮಗಳಿಗೆ ಹೇಳಿದಾಗ ಅದಕ್ಕೆ ಬೇರೆಯೇ ಭಾರ ಬರುತ್ತದೆ. ಸ್ಟೀವರ್ಟ್ ದನಿಯನ್ನು ಎಲ್ಲಿಯೂ ಏರಿಸುವುದಿಲ್ಲ.

ಕೊನೆಗೆ ಮುದುಕ ಕಾಮಿನ್‌ನನ್ನು ಮಕ್ಕಳು ಮೊಮ್ಮಕ್ಕಳು ಒತ್ತಾಯ ಮಾಡಿ ಹೊರಗೆ ಕರೆದುಕೊಂಡು ಹೋಗುತ್ತಾರೆ, ಆಕಾಶಕ್ಕೆ ಏನನ್ನೋ ಹಾರಿಸುತ್ತಿದ್ದಾರೆ, ನೋಡು ಬಾ ಎಂದು. ಆ ಜನಕ್ಕೆ ಗ್ರಹ ಬಿಟ್ಟು ಹೋಗುವ ಶಕ್ತಿಯಿಲ್ಲ. ಸಣ್ಣ ಕ್ಷಿಪಣಿ ಹಾರಿಸುವಷ್ಟು ಮಾತ್ರ ಗೊತ್ತು. ತೀರಿಹೋದ ಬಟಾಯ್, ತೀರಿಹೋದ ಎಲೀನ್, ಇಬ್ಬರೂ ಹರೆಯದ ರೂಪದಲ್ಲಿ ಬಂದು ಅವನ ಎದುರು ನಿಲ್ಲುತ್ತಾರೆ. ಆ ಯಂತ್ರ ಹುಡುಕಿಕೊಂಡು ಹೋಗುವುದು ತನ್ನನ್ನೇ ಎಂದು ಅವನಿಗೆ ಆಗ ಹೊಳೆಯುತ್ತದೆ. ಇದೆಲ್ಲ ಆಗಿ ಸಾವಿರ ವರ್ಷ ಕಳೆದಿದೆ, ನಾವು ಬದುಕಿದ ಬಗೆಯನ್ನು ನೀನು ನೆನಪಿಟ್ಟುಕೊಂಡರೆ ಸಾಕು ಎನ್ನುತ್ತಾರೆ ಅವರು. ಪಿಕಾರ್ಡ್ ನೌಕೆಯ ನೆಲದ ಮೇಲೆ ಕಣ್ಣು ಬಿಡುತ್ತಾನೆ. ಎಷ್ಟು ಹೊತ್ತಾಯಿತು ಎಂದು ಕೇಳಿದರೆ ನೌಕೆಯ ಎರಡನೇ ಅಧಿಕಾರಿ ರೈಕರ್ ಹೇಳುತ್ತಾನೆ: ಇಪ್ಪತ್ತು, ಇಪ್ಪತ್ತೈದು ನಿಮಿಷ.

1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ನಾವೂ ಇಂಥದ್ದೊಂದನ್ನು ಕಳುಹಿಸಿದ್ದೇವೆ. ಚಿನ್ನದ ಲೇಪವಿರುವ ಧ್ವನಿತಟ್ಟೆ. ಅದರಲ್ಲಿ 55 ಭಾಷೆಗಳ ಶುಭಾಶಯವಿದೆ, ಕನ್ನಡವೂ ಇದೆ, ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಹಾಡಿದೆ, ನೂರಕ್ಕೂ ಹೆಚ್ಚು ಚಿತ್ರಗಳಿವೆ. ಕನ್ನಡದ ದನಿಯೊಂದು ಸೌರಮಂಡಲದ ಆಚೆ ಹೋಗುತ್ತಿದೆ ಎಂದು ನೆನೆದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಆ ತಟ್ಟೆಯನ್ನು ಕಂಡುಕೊಂಡವರಿಗೆ ನಮ್ಮ ಬಗ್ಗೆ ತಿಳಿಯುತ್ತದೆ, ನಾವು ತಿಳಿಯುವುದಿಲ್ಲ. ರೆಸಿಕ್‌ನವರು ತಮ್ಮ ಗ್ರಂಥಗಳನ್ನು ಕಳುಹಿಸಲಿಲ್ಲ, ರಾಜರ ಪಟ್ಟಿ ಕಳುಹಿಸಲಿಲ್ಲ, ಕಾಪಾಡಿ ಎಂದು ಮೊರೆಯಿಡಲೂ ಇಲ್ಲ. ಒಬ್ಬ ಸಾಧಾರಣ ಕಸುಬಿನವನ ಬಾಳನ್ನು ಇಡಿಯಾಗಿ ಕಳುಹಿಸಿದರು, ಪಾದರಕ್ಷೆಯ ಜಗಳ ಸಮೇತ.

ಅದು ಸರಿಯಾದ ಆಯ್ಕೆ ಎಂದು ನನಗೆ ಖಚಿತವಾದದ್ದು ಟಿ.ವಿ. ಮುಂದೆ ಅಲ್ಲ. ನಮ್ಮ ಊರು ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯ ಕಡೆಗಿದೆ. 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಎಂಬ ಹೆಸರುಗಳು ಟಿ.ವಿ.ಯಲ್ಲಿ ದಿನವಿಡೀ ಬರುತ್ತಿದ್ದವಲ್ಲ, ಆ ಸುತ್ತಿನಲ್ಲೇ. ದೊಡ್ಡಮ್ಮನ ಮನೆ, ಕೆಳಗಿನ ಗದ್ದೆ, ತೋಟದ ಒಂದು ಮಗ್ಗುಲು ಮಣ್ಣಿನಡಿ ಹೋಯಿತು. ಜೀವಗಳು ಉಳಿದವು. ಪರಿಹಾರದ ಅರ್ಜಿ ತುಂಬಿದವಳು ನಾನು. ಸರ್ವೆ ನಂಬರು, ವಿಸ್ತೀರ್ಣ, ಮನೆ ಕಚ್ಚಾ ಅಥವಾ ಪಕ್ಕಾ, ಜಾನುವಾರುಗಳ ಸಂಖ್ಯೆ. ಅರ್ಜಿಗೆ ಬೇಕಾದದ್ದು ಅದೇ, ಅದನ್ನು ದೂರುವುದಿಲ್ಲ. ಆದರೆ ನಾನು ಮನೆಯ ಅಳತೆ ಕೇಳಿದಾಗ ದೊಡ್ಡಮ್ಮ ಅಡಿಯಲ್ಲಿ ಹೇಳಲಿಲ್ಲ. ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಕೂಗಿದರೆ ಗದ್ದೆಯಲ್ಲಿರುವವರಿಗೆ ಕೇಳುತ್ತಿತ್ತು ಎಂದರು. ಒರಳುಕಲ್ಲಿನ ಪಕ್ಕದ ಗೋಡೆ ಮಳೆಗಾಲದಲ್ಲಿ ಬೆವರುತ್ತಿತ್ತು, ಆ ಗೋಡೆಗೆ ಒರಗಿಸಿ ಸೌದೆ ಇಡಬಾರದು ಎಂದು ಅತ್ತೆ ಹೇಳಿಕೊಟ್ಟಿದ್ದರು ಎಂದರು. ಹಲಸಿನ ಮರದ ನೆರಳು ಮೂರನೇ ಮೆಟ್ಟಿಲಿಗೆ ಬಂದಾಗ ಮಕ್ಕಳು ಶಾಲೆಯಿಂದ ಬರುವ ಹೊತ್ತು ಎಂದರು. ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಆ ಮೂರನೇ ಮೆಟ್ಟಿಲನ್ನು ನಾನು ಕಂಡದ್ದು ಮನೆ ಹೋದ ಮೇಲೆ, ಅವರ ಮಾತಿನಲ್ಲಿ.

ಕೊಡಗಿನವರಿಗೆ ಈ ಬಗೆಯ ನೆನಪು ಹೊಸದಲ್ಲ. ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ತೂಗುದೀಪದ ಎದುರು ಕಾರೋಣರಿಗೆ, ಅಂದರೆ ಹಿರಿಯರಿಗೆ, ಎಡೆಯಿಟ್ಟು ಹೆಸರು ಹೇಳಿ ಕರೆಯುವ ನೆಲ ಇದು. ಕೊಡವರಲ್ಲಿ ದುಡಿ ಬಾರಿಸುತ್ತಾ ಮದುವೆಗೆ ಮದುವೆಯ ಹಾಡು, ಸಾವಿಗೆ ಸಾವಿನ ಹಾಡು ಹೇಳುತ್ತಾರೆ. ಬಾಯಿಂದ ಬಾಯಿಗೆ ಬಂದ ಅಂಥ ಹಾಡುಗಳನ್ನು, ಆಚಾರ ವಿಚಾರಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಹಳ್ಳಿಹಳ್ಳಿಗಳಿಂದ ಕಲೆಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಹೊರತಂದರು. ಹಾಡುವವರು ಇರುವಾಗಲೇ ಬರೆದಿಟ್ಟರಲ್ಲ, ಆ ಮುಂದಾಲೋಚನೆಗೆ ನಾನು ತಲೆಬಾಗುತ್ತೇನೆ. ಕಟಾನಿನ ಆಡಳಿತದವರು ತಮ್ಮ ಕ್ಷಿಪಣಿ ಕಟ್ಟಲು ಶುರು ಮಾಡಿದ್ದೂ ಊರಿನಲ್ಲಿ ಇನ್ನೂ ಮಕ್ಕಳು ಆಡುತ್ತಿದ್ದಾಗಲೇ.

ನನ್ನ ತಮ್ಮ ಇದನ್ನೆಲ್ಲ ಒಪ್ಪುವುದಿಲ್ಲ. ಅವನದೂ ಗಟ್ಟಿಯಾದ ಮಾತೇ. ಪಿಕಾರ್ಡ್‌ನ ಒಪ್ಪಿಗೆಯಿಲ್ಲದೆ ಅವನ ತಲೆಯೊಳಗೆ ಒಂದು ಇಡೀ ಬಾಳನ್ನು ತುರುಕಿದ್ದು ಅನ್ಯಾಯ ಎನ್ನುತ್ತಾನೆ. ಹೆಂಡತಿಯನ್ನು ಕೊಟ್ಟು ಕಿತ್ತುಕೊಂಡರು, ಮಕ್ಕಳನ್ನು ಕೊಟ್ಟು ಕಿತ್ತುಕೊಂಡರು. ಜೊತೆಗಾರರು ಕಿರಣವನ್ನು ತಡೆಯಲು ಹೋದಾಗ ಅವನ ಜೀವವೇ ಹೋಗುವಂತಾಗಿ ಮತ್ತೆ ಅದನ್ನೇ ಹರಿಯಬಿಡಬೇಕಾಯಿತು. ಇದನ್ನು ಉಡುಗೊರೆ ಎನ್ನುವುದು ಹೇಗೆ? ನಾನು ಇದಕ್ಕೆ ತುಂಬ ಹೊತ್ತು ಯೋಚಿಸಿದ್ದೇನೆ. ಅನ್ಯಾಯ ಹೌದು. ಆದರೆ ಸತ್ತವರ ನೆನಪನ್ನು ಹೊರಲು ಯಾರು ಯಾರ ಒಪ್ಪಿಗೆ ಕೇಳಿದ್ದಾರೆ? ನಾನು ಕಣ್ಣಿನಿಂದ ಕಾಣದ ಮುತ್ತಜ್ಜಿಯ ಸಿಟ್ಟು, ಅವಳು ನೆಟ್ಟ ಕಿತ್ತಳೆ ಗಿಡಗಳು, ಅವಳು ಕಳೆದುಕೊಂಡ ಮಕ್ಕಳು, ಎಲ್ಲವನ್ನೂ ನನಗೆ ಬುದ್ಧಿ ಬರುವ ಮೊದಲೇ ನನ್ನೊಳಗೆ ಇಟ್ಟಿದ್ದಾರೆ. ಬೇಡ ಎನ್ನುವ ವಯಸ್ಸು ಬಂದಾಗ ಅದು ನಾನೇ ಆಗಿಬಿಟ್ಟಿತ್ತು. ತಮ್ಮನಿಗೆ ಇಷ್ಟು ಹೇಳಿದೆ. ಅವನು ಇನ್ನೂ ಒಪ್ಪಿಲ್ಲ.

ಕಂತಿನಲ್ಲಿ ನನಗೆ ಹಿಡಿಸದ್ದೂ ಇದೆ. ನೌಕೆಯ ಮೇಲಿನ ದೃಶ್ಯಗಳು ಮತ್ತೆ ಮತ್ತೆ ನಡುವೆ ಬಂದು ರೆಸಿಕ್‌ನ ಉಸಿರನ್ನು ಕತ್ತರಿಸುತ್ತವೆ. ಅದಕ್ಕಿಂತ ದೊಡ್ಡ ಕೊರತೆ, ಮುಂದಿನ ಕಂತಿನಲ್ಲಿ ಪಿಕಾರ್ಡ್ ಏನೂ ಆಗದವನಂತೆ ಕೆಲಸಕ್ಕೆ ಹಾಜರಾಗುವುದು. ಒಂದಿಡೀ ಸಂಸಾರವನ್ನು ಕಳೆದುಕೊಂಡವನು! ಆ ಕಾಲದ ಧಾರಾವಾಹಿಗಳ ರೀತಿಯೇ ಹಾಗೆ, ವಾರಕ್ಕೊಂದು ಕತೆ. ಆರನೇ ಸೀಸನ್ನಿನ 'ಲೆಸನ್ಸ್' ಕಂತಿನಲ್ಲಿ ಕೊಳಲು ಮತ್ತೆ ಬರುತ್ತದೆ, ತನಗೆ ಪ್ರಿಯಳಾದವಳಿಗೆ ಅವನು ಆ ಬಾಳಿನ ಬಗ್ಗೆ ಹೇಳಿಕೊಳ್ಳುತ್ತಾನೆ. ಅದು ಇಲ್ಲದಿದ್ದರೆ ನಾನು ಈ ಸರಣಿಯನ್ನು ಕ್ಷಮಿಸುತ್ತಿರಲಿಲ್ಲ. ಕೊಳಲಿನ ಮಾತು ಬಂದದ್ದರಿಂದ ಹೇಳುತ್ತೇನೆ: ನಿಂತುಹೋದ ಯಂತ್ರದೊಳಗೆ ಇದ್ದ ಒಂದೇ ಒಂದು ವಸ್ತು ಅದು. ರೈಕರ್ ಪೆಟ್ಟಿಗೆ ತಂದು ಕೊಡುತ್ತಾನೆ. ಪಿಕಾರ್ಡ್ ಅದನ್ನು ಎದೆಗೆ ಒತ್ತಿ ಹಿಡಿಯುತ್ತಾನೆ, ಆಮೇಲೆ ನುಡಿಸುತ್ತಾನೆ. ಜೇ ಚಾಟವೇ ಹೊಸೆದ ಆ ರಾಗ ಗೊತ್ತಿರುವವರಿಗೆ ಗೊತ್ತು. ಚಿತ್ರೀಕರಣಕ್ಕೆ ಬಳಸಿದ, ನುಡಿಸಲು ಬಾರದ ಆ ಕೊಳಲು 2006ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 48,000 ಡಾಲರಿಗೆ ಹೋಯಿತು.

ಕಳೆದ ಮಳೆಗಾಲದಲ್ಲಿ ಕರೆಂಟು ಇದ್ದ ಒಂದು ಸಂಜೆ ದೊಡ್ಡಮ್ಮನಿಗೆ ಈ ಕಂತನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವರಿಗೆ ಇಂಗ್ಲಿಷ್ ಬಾರದು. ನಾನು ಪಕ್ಕದಲ್ಲಿ ಕುಳಿತು ಹೇಳುತ್ತಾ ಹೋದೆ. ನೌಕೆಯ ದೃಶ್ಯಗಳಲ್ಲಿ ಅವರಿಗೆ ಆಸಕ್ತಿ ಬರಲಿಲ್ಲ. ರೆಸಿಕ್ ಬಂದಾಗ ಮುಂದಕ್ಕೆ ಬಾಗಿ ನೋಡಿದರು, ಎಲೀನ್ ಸತ್ತಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಪೆಟ್ಟಿಗೆ ತೆರೆದು ಕೊಳಲು ಕಾಣಿಸಿದಾಗ ಕೇಳಿದರು:

"ಅಷ್ಟೇಯಾ? ಬೀಜ ಇಡಲಿಲ್ಲವಾ?"

"ಯಾವ ಬೀಜ ದೊಡ್ಡಮ್ಮ?"

"ಅಷ್ಟೆಲ್ಲ ಯೋಚನೆ ಮಾಡಿ ಪೆಟ್ಟಿಗೆ ಕಳುಹಿಸಿದವರು ಒಂದು ಹಿಡಿ ಬಿತ್ತನೆ ಹಾಕಬಾರದಿತ್ತಾ ಮಗಳೇ? ಅವರ ಮಣ್ಣು ಸತ್ತರೆ ಇನ್ನೊಬ್ಬರ ಮಣ್ಣಿನಲ್ಲಿ ಹುಟ್ಟುತ್ತಿತ್ತು."

ಸಾವಿರ ವರ್ಷದ ಬೀಜ ಮೊಳೆಯುವುದು ಕಷ್ಟ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಅವರು ಪ್ರತಿ ಸುಗ್ಗಿಯಲ್ಲೂ ತೆಗೆದಿಟ್ಟು ಕಾಪಾಡಿದ್ದ ಸಣ್ಣಭತ್ತದ ಬಿತ್ತನೆ ಅಟ್ಟದ ಮೇಲೆ ಇತ್ತು. ಮನೆಯ ಜೊತೆಗೆ ಅದೂ ಹೋಗಿತ್ತು. ಅರ್ಜಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಅವರೂ ಅಂದು ಹೇಳಿರಲಿಲ್ಲ. ಆ ಭತ್ತವನ್ನು ಹಿಂದೆ ಯಾರು ಯಾರಿಗೆ ಕೊಟ್ಟಿದ್ದಿರಿ ಎಂದು ಕೇಳಿದೆ. ಲ್ಯಾಪ್‌ಟಾಪ್ ಮುಚ್ಚಿ, ಮಳೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಹೆಸರುಗಳನ್ನು ಬರೆದುಕೊಂಡೆ. ಮಾದಾಪುರದ ಕಡೆ ಒಬ್ಬರು, ಶಾಂತಳ್ಳಿಯಲ್ಲಿ ಇಬ್ಬರು, ನಾಪೋಕ್ಲಿಗೆ ಮದುವೆಯಾಗಿ ಹೋದ ಅವರ ತಂಗಿಯ ಮಗಳು. ಗದ್ದೆ ಪಾಳು ಬಿಡದೆ ಇನ್ನೂ ಬಿತ್ತುತ್ತಿರುವವರು ಯಾರೆಂದು ಅಪ್ಪ ಒಬ್ಬೊಬ್ಬರಿಗೂ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ.